ಸದ್ದು ಗುರುತಿಸುವವರು ಇರುವಾಗಲೇ: ಹಿರೇಕೊಟ್ನೆಕಲ್‌ನ ಎಳೆಯರಿಗೆ ಬಹಿರಂಗ ಪತ್ರ

ಹಿರೇಕೊಟ್ನೆಕಲ್‌ನ ಹುಡುಗ ಹುಡುಗಿಯರಿಗೆ, ಓದಲು ಮಾನ್ವಿಗೂ ರಾಯಚೂರಿಗೂ ಬಸ್ಸು ಹತ್ತುವವರಿಗೆ, ದುಡಿಯಲು ಬೆಂಗಳೂರು, ಹೈದರಾಬಾದು, ಪುಣೆ ಸೇರಿದವರಿಗೆ,



ನಿಮ್ಮ ಫೋನುಗಳಲ್ಲಿ ಊರಿನ ಚಿತ್ರಗಳಿಗೆ ಬರವಿಲ್ಲ. ಜಾತ್ರೆಯ ತೇರು, ಹತ್ತಿ ಒಡೆದ ಹೊಲ, ಅಣ್ಣನ ಮದುವೆ, ಹೊಸ್ತಿಲ ಮೇಲೆ ಕೂತ ಅಜ್ಜಿ, ಎಲ್ಲವೂ ಇವೆ. ಅದೇ ಅಜ್ಜಿ ಜೋಳದ ರೊಟ್ಟಿ ಬಡಿಯುವ ಸದ್ದು ಎಷ್ಟು ಜನರ ಫೋನಿನಲ್ಲಿದೆ? ಮೊಹರಂ ರಾತ್ರಿ ಬೆಂಕಿಗೆ ಹಿಡಿದು ಕಾಯಿಸಿದ ಹಲಗೆಯ ಮೊದಲ ಪೆಟ್ಟು? ತಾತ ಎತ್ತುಗಳನ್ನು ಹೆಸರಿಟ್ಟು ಕರೆಯುವ ರೀತಿ? ಹಿಟ್ಟಿನ ಗಿರಣಿಯ ಬೆಲ್ಟು ತಿರುಗುವ ಲಯ? ಯಾವುದೋ ವಿಡಿಯೊದ ಹಿಂದೆ ಅಪ್ಪಿತಪ್ಪಿ ಸೇರಿಕೊಂಡದ್ದನ್ನು ಬಿಟ್ಟರೆ ಇವನ್ನು ಬೇಕೆಂದೇ ಹಿಡಿದಿಟ್ಟವರು ಅಪರೂಪ. ಹಾಗೆ ಸೇರಿಕೊಂಡದ್ದರ ಮೇಲೂ ಸಿನಿಮಾ ಹಾಡು ಕೂರಿಸಿ ಸ್ಟೇಟಸ್ಸಿಗೆ ಹಾಕಿದರೆ ಕೆಳಗಿನ ದನಿ ಅಳಿಸಿಹೋಗುತ್ತದೆ.

ಈ ಪತ್ರ ಕೇಳುವುದು ಇಷ್ಟು. ಊರಿನ ಸದ್ದುಗಳನ್ನು ಹಿಡಿದಿಡಿ. ಅವನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಹಿಡಿದು ಅವರಿಗೆ ಕೇಳಿಸಿ, ಕೇಳಿದ ಮೇಲೆ ಅವರು ಆಡುವ ಮಾತನ್ನೂ ಹಿಡಿದಿಡಿ. ಹಳೆಯದೆಲ್ಲ ಒಳ್ಳೆಯದೆಂಬ ಮೋಹದಿಂದ ಹುಟ್ಟಿದ ಬೇಡಿಕೆ ಇದಲ್ಲ. ಸದ್ದು ಮಿದುಳಿನೊಳಗೆ ಎಲ್ಲಿಗೆ ಹೋಗುತ್ತದೆ, ಏನನ್ನು ಮುಟ್ಟುತ್ತದೆ ಎಂಬುದರ ಬಗ್ಗೆ ಕಳೆದ ಎಪ್ಪತ್ತೆಂಬತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡದ್ದೇ ಇದಕ್ಕೆ ಕಾರಣ.

ಗಾಳಿಯ ಅದುರಿಕೆ ಕಿವಿಯ ತಮಟೆಯನ್ನು ತಟ್ಟಿ, ಮೂರು ಪುಟ್ಟ ಮೂಳೆಗಳನ್ನು ದಾಟಿ, ಸುರುಳಿ ಸುತ್ತಿಕೊಂಡ ಕಾಕ್ಲಿಯಾದೊಳಗೆ ಇಳಿಯುತ್ತದೆ. ಒಂದೊಂದು ಕಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಹುಟ್ಟುವಾಗ ತಂದುಕೊಂಡಷ್ಟೇ ಬಂಡವಾಳ ಅದು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಅವು ಅದುರಿಕೆಯನ್ನು ವಿದ್ಯುತ್ ಸಂಕೇತವಾಗಿ ಬದಲಾಯಿಸಿ ನರದ ಮೂಲಕ ಮಿದುಳಿನ ಕಾಂಡಕ್ಕೆ, ಅಲ್ಲಿಂದ ಥಲಾಮಸ್ಸಿಗೆ, ಅಲ್ಲಿಂದ ಕಣತಲೆಯ ಒಳಭಾಗದ ಟೆಂಪೊರಲ್ ಹಾಲೆಯಲ್ಲಿರುವ ಶ್ರವಣ ಕೇಂದ್ರಕ್ಕೆ ಕಳಿಸುತ್ತವೆ. ಆ ಹಾಲೆಯ ಒಳಮೈಯಲ್ಲೇ ಎರಡು ಮುಖ್ಯ ಭಾಗಗಳಿವೆ. ಯಾವುದು ಎಲ್ಲಿ, ಯಾವಾಗ, ಯಾರ ಜೊತೆ ನಡೆಯಿತು ಎಂಬುದನ್ನು ಒಟ್ಟಿಗೆ ಕಟ್ಟಿಡುವ ಹಿಪೊಕ್ಯಾಂಪಸ್ ಒಂದು. ಅದಕ್ಕೆ ಭಯ, ಸಂತೋಷ, ಸಂಕಟದ ಗುರುತು ಹಾಕುವ ಅಮಿಗ್ಡಲಾ ಇನ್ನೊಂದು. ಹೀಗೆ ಸದ್ದು, ನೆನಪು, ಭಾವ ಮೂರೂ ಮಿದುಳಿನಲ್ಲಿ ಒಂದೇ ಓಣಿಯ ಮನೆಗಳು. ಒಂದು ಮನೆಯ ಕದ ಬಡಿದರೆ ಪಕ್ಕದವರೂ ಏಳುತ್ತಾರೆ.

ಇದರ ಮೊದಲ ಅಚ್ಚರಿಯ ಸುಳಿವು ಸಿಕ್ಕಿದ್ದು ಕೆನಡಾದ ಮಾಂಟ್ರಿಯಲ್‌ನ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ. ಮೂರ್ಛೆರೋಗದ ರೋಗಿಗಳ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈಲ್ಡರ್ ಪೆನ್‌ಫೀಲ್ಡ್, ಯಾವ ಭಾಗವನ್ನು ಕತ್ತರಿಸಬಾರದೆಂದು ತಿಳಿಯಲು, ಎಚ್ಚರವಿದ್ದ ರೋಗಿಯ ಮಿದುಳಿಗೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು ಏನನ್ನಿಸುತ್ತದೆ ಎಂದು ಕೇಳುತ್ತಿದ್ದರು. ಟೆಂಪೊರಲ್ ಹಾಲೆಯನ್ನು ಮುಟ್ಟಿದಾಗ ಕೆಲವರಿಗೆ ಹಾಡು ಕೇಳಿಸಿತು, ಕೆಲವರಿಗೆ ಪರಿಚಿತರು ಕರೆದಂತಾಯಿತು. ಕೊಠಡಿಯಲ್ಲಿ ಹಾಡೂ ಇರಲಿಲ್ಲ, ಕರೆದವರೂ ಇರಲಿಲ್ಲ. 1963ರಲ್ಲಿ ಪೆನ್‌ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಫನೋರ್ ಪೆರೊ ಪ್ರಕಟಿಸಿದ ಲೆಕ್ಕದಂತೆ, ಈ ಹಾಲೆಗೆ ಸ್ಪರ್ಶ ಪಡೆದ 520 ರೋಗಿಗಳಲ್ಲಿ ಇಂಥ ಅನುಭವ ಹೇಳಿದವರು 40 ಮಂದಿ ಮಾತ್ರ. ಅವು ನಿಜವಾದ ನೆನಪುಗಳೋ, ಮಿದುಳು ಆ ಕ್ಷಣಕ್ಕೆ ಹೆಣೆದವೋ ಎಂಬ ತಕರಾರು ಆಮೇಲೆ ಎದ್ದಿತು, ಅದು ನ್ಯಾಯವಾದ ತಕರಾರೇ. ಆದರೂ ಗಮನಿಸಬೇಕಾದದ್ದು ಒಂದಿದೆ: ಆ ಸ್ಪರ್ಶದಿಂದ ಎದ್ದ ಅನುಭವಗಳಲ್ಲಿ ಧ್ವನಿ ಮತ್ತು ಸಂಗೀತದ ಪಾಲು ದೊಡ್ಡದಿತ್ತು.

ನಿಮ್ಮ ಕೆಲಸಕ್ಕೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ಅಧ್ಯಯನ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಪೀಟರ್ ಜನಾಟಾ 13 ವಿದ್ಯಾರ್ಥಿಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರು 8ರಿಂದ 18 ವರ್ಷದವರಿದ್ದಾಗ ಜನರ ಬಾಯಲ್ಲಿದ್ದ ಹಾಡುಗಳ ತುಣುಕುಗಳನ್ನು ಕೇಳಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹಾಡು ಸ್ವಂತ ಬದುಕಿನ ಯಾವುದೋ ಘಟನೆಯನ್ನು ಎಷ್ಟು ಗಟ್ಟಿಯಾಗಿ ಎಬ್ಬಿಸಿತೋ, ಹಣೆಯ ಹಿಂದಿನ ಮಧ್ಯಭಾಗ ಅಷ್ಟು ಚುರುಕಾಗಿ ಕೆಲಸ ಮಾಡಿತ್ತು. ಮರೆವು ತರುವ ಆಲ್ಝೈಮರ್ ಕಾಯಿಲೆಯಲ್ಲಿ ತಡವಾಗಿ ಸವೆಯುವ ಭಾಗಗಳಲ್ಲಿ ಅದೂ ಒಂದು. 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಬೇರೆ ದಾರಿಯಲ್ಲಿ ಅಂಥದೇ ತೀರ್ಮಾನಕ್ಕೆ ಬಂದರು. ಬಹುಕಾಲದಿಂದ ಬಲ್ಲ ಹಾಡುಗಳನ್ನು ಗುರುತಿಸಲು ನೆರವಾಗುವ ಭಾಗಗಳು ಆ ಕಾಯಿಲೆಯಲ್ಲಿ ಮಿದುಳಿನ ಉಳಿದ ಭಾಗಗಳಿಗಿಂತ ಕಡಿಮೆ ಹಾಳಾಗಿದ್ದವು.

ಇದರ ಅರ್ಥ ಹಳ್ಳಿಯ ಮನೆಯಲ್ಲಿ ಏನು? ಮಗನ ಹೆಸರು ತಪ್ಪಿ ಹೇಳುವ, ಊಟ ಮಾಡಿದ್ದನ್ನು ಮರೆತು ಮತ್ತೆ ಊಟ ಕೇಳುವ ಹಿರಿಯರನ್ನು ಕಂಡರೆ ನಮ್ಮ ಕಡೆ "ಅರಳುಮರಳು" ಎಂದು ಬಿಟ್ಟುಬಿಡುತ್ತೇವೆ. ವಯಸ್ಸಾದರೆ ಎಲ್ಲರಿಗೂ ಹೀಗೇ ಎಂದು ಮೂಲೆಯ ಮಂಚಕ್ಕೆ ಒಪ್ಪಿಸುತ್ತೇವೆ. ಅದು ಕಾಯಿಲೆ, ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ಸದ್ದು ಅದನ್ನು ವಾಸಿ ಮಾಡುವುದಿಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಹೆಸರುಗಳೆಲ್ಲ ಜಾರಿಹೋದ ಮೇಲೂ ಒಂದು ಸೋಬಾನೆ ಪದ, ಒಂದು ಭಜನೆ ಒಳಗೆ ಗಟ್ಟಿಯಾಗಿ ಉಳಿದಿರುವ ಸಾಧ್ಯತೆ ದೊಡ್ಡದು. ಇಂಗ್ಲೆಂಡಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೆ 1985ರಲ್ಲಿ ಮಿದುಳಿನ ಸೋಂಕು ತಗುಲಿ, ಕೆಲವೇ ಸೆಕೆಂಡುಗಳ ಹಿಂದಿನದೂ ನೆನಪಿರದ ಸ್ಥಿತಿ ಬಂದಿತು. ಅಂಥವರು ಪಿಯಾನೊ ಮುಂದೆ ಕೂತರೆ ಪೂರ್ತಿ ಕೃತಿಯನ್ನೇ ನುಡಿಸುತ್ತಿದ್ದರು.

ಯಾವ ಸದ್ದು ಕೇಳಿಸಬೇಕು ಎಂಬುದಕ್ಕೂ ಉತ್ತರವಿದೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪು ಹೇಳಲು ಕೇಳಿದರೆ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ಘಟನೆಗಳೇ ಹೆಚ್ಚು ಬರುತ್ತವೆ. ದೇಶದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಇದು. ಇಂದು 75 ವರ್ಷದ ಅಜ್ಜಿಗೆ ಆ ಕಾಲ ಎಂದರೆ 1960ರ ಮತ್ತು 70ರ ದಶಕಗಳು. ನಿಮಗೆ ಇಷ್ಟವಾದ ಹಾಡು ಹಾಕಿ ಅಜ್ಜಿ ನಗಲಿಲ್ಲ ಎಂದರೆ ತಪ್ಪು ಅಜ್ಜಿಯದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆಯ ಕಿವಿಗೆ ಏನು ಬಿದ್ದಿತ್ತು ಎಂದು ಮೊದಲು ವಿಚಾರಿಸಬೇಕು.

ಆ ಕಾಲದ ಬೆಳಗು ಬೀಸುಕಲ್ಲಿನಿಂದ ಶುರುವಾಗುತ್ತಿತ್ತು. ಕತ್ತಲಿರುವಾಗಲೇ ಇಬ್ಬರು ಹೆಂಗಸರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ಜೋಳ ಬೀಸುತ್ತಾ ಹಾಡು ಕಟ್ಟುತ್ತಿದ್ದರು. ತವರಿನ ಸುದ್ದಿ, ಅಣ್ಣನ ಮೇಲಿನ ಮುನಿಸು, ಅತ್ತೆಯ ಬಿರುಸು, ಮಲ್ಲಯ್ಯನ ಸ್ತುತಿ ಎಲ್ಲ ಆ ಹಾಡಿನಲ್ಲಿ ಬರುತ್ತಿತ್ತು. ಗಂಡಸರಿಗೆ ಕಣದಲ್ಲಿ ಹಂತಿ ಪದವಿತ್ತು. ತೆನೆ ತುಳಿಯುವ ಎತ್ತುಗಳು ಮೇಟಿಯ ಸುತ್ತ ತಿರುಗುವ ವೇಗವೇ ಆ ಹಾಡಿನ ತಾಳ. ಗಿರಣಿ ಬಂದಾಗ ಬೀಸುವ ಪದದ ಕೆಲಸ ಮುಗಿಯಿತು, ರಾಶಿ ಯಂತ್ರ ಬಂದಾಗ ಹಂತಿ ಪದದ ಕೆಲಸ ಮುಗಿಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿ ಸೀಮೆಗೆ ಹರಿದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಕಣವೇ ಬೇರೆಯಾಯಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿದ್ದು ಒಳ್ಳೆಯದೇ. ಬೆಳಗಿನ ನಾಲ್ಕಕ್ಕೆ ಎದ್ದು ಮೈಮುರಿಯುವ ಆ ಬದುಕು ಮರಳಿ ಬರಲಿ ಎಂದು ಯಾರೂ ಹಾರೈಸಬಾರದು. ಕೆಲಸ ಹೋಗಲಿ, ಅದರ ಜೊತೆಗಿದ್ದ ದನಿ ಮಾತ್ರ ದಾಖಲೆಯಾಗದೆ ಹೋಗುತ್ತಿದೆ ಎಂಬುದೇ ನೋವು.

ಪದಗಳೇನೋ ಪುಸ್ತಕದಲ್ಲಿವೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ ಮತ್ತು ಸಂಗಡಿಗರು ತ್ರಿಪದಿಗಳನ್ನು ಆಯ್ದು 1931ರಲ್ಲಿ "ಗರತಿಯ ಹಾಡು" ಹೊರತಂದರು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಅಚ್ಚಿನ ಪುಟಕ್ಕೆ ಸಿಗದ್ದು ಎಷ್ಟೋ ಇದೆ: ಹಾಡುವವಳು ಎಲ್ಲಿ ಉಸಿರು ತೆಗೆದುಕೊಂಡಳು, ಯಾವ ಸಾಲನ್ನು ಎಳೆದಳು, ಕಲ್ಲು ಯಾವ ಮಾತಿನ ಮೇಲೆ ಭಾರವಾಗಿ ತಿರುಗಿತು. ಹಿರಿಯ ಜೀವವನ್ನು ಎಬ್ಬಿಸುವುದು ಆ ಉಸಿರು, ಆ ಎಳೆತ. ಅವನ್ನು ದಾಖಲಿಸುವ ಯಂತ್ರ ಹಲಸಂಗಿಯವರ ಕೈಯಲ್ಲಿ ಇರಲಿಲ್ಲ. ನಿಮ್ಮ ಜೇಬಿನಲ್ಲಿದೆ.

ಕೈಕೆಲಸದ ಈ ಸದ್ದುಗಳ ಜೊತೆಗೆ ರೇಡಿಯೊ ಬಂದು ಕೂತಿತು. ಆಕಾಶವಾಣಿಯ ಪ್ರಸಾರ ಶುರುವಾಗುವ ಮೊದಲು ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಏಳುವ ಆ ಚಿಕ್ಕ ಧುನ್, ಐವತ್ತು ದಾಟಿದ ಯಾರಿಗೆ ಕೇಳಿಸಿದರೂ ಅವರ ಮನೆಯ ಬೆಳಗನ್ನೇ ಎಳೆದು ತರುತ್ತದೆ. ಶಿವರಂಜನಿಯ ನೆರಳಿರುವ ಅದನ್ನು 1936ರಲ್ಲಿ ರಚಿಸಿದವರು ವಾಲ್ಟರ್ ಕಾಫ್‌ಮನ್. ಇಂದಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ ಅವರು. ಯೂರೋಪಿನಲ್ಲಿ ನಾತ್ಸಿಗಳ ನೆರಳು ಹಬ್ಬುತ್ತಿದ್ದಾಗ 1934ರಲ್ಲಿ ಮುಂಬಯಿಗೆ ಬಂದಿಳಿದರು. ತನ್ನ ನೆಲ ಬಿಟ್ಟು ಬಂದ ಒಬ್ಬ ಮನುಷ್ಯ ಕಟ್ಟಿದ ಸ್ವರ, ಅವರ ಹೆಸರೂ ಕೇಳದ ಕೋಟಿಗಟ್ಟಲೆ ಮನೆಗಳಿಗೆ ತಮ್ಮದೇ ಬೆಳಗಿನ ಗುರುತಾಯಿತು. ಇದನ್ನು ಯೋಚಿಸಿದಾಗಲೆಲ್ಲ ಬೆರಗಾಗುತ್ತದೆ.

ಮಾನ್ವಿ ತಾಲ್ಲೂಕಿನವರಾದ ನಿಮಗೆ ಸದ್ದಿಗೂ ನೆನಪಿಗೂ ಇರುವ ನಂಟನ್ನು ಹೊರಗಿನಿಂದ ಬಂದು ಯಾರೂ ಕಲಿಸಬೇಕಿಲ್ಲ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಮೂವರೂ ಈ ಮಣ್ಣಿನ ಹರಿದಾಸರು. ಓದು ಬರಹ ಕೆಲವರಿಗಷ್ಟೇ ಇದ್ದ ಕಾಲದಲ್ಲಿ ಅವರು ಗಹನವಾದ ತತ್ತ್ವವನ್ನು ಹಾಡಿನೊಳಗೆ ಇಟ್ಟರು. ಜಗನ್ನಾಥದಾಸರ "ಹರಿಕಥಾಮೃತಸಾರ" ಇರುವುದು ಭಾಮಿನಿ ಷಟ್ಪದಿಯಲ್ಲಿ. ಮೂರು ನಾಲ್ಕು ಮಾತ್ರೆಗಳ ಆ ನಡೆ ಒಂದು ಸಲ ಕಿವಿಗೆ ಕೂತರೆ ಮರೆತ ಮಾತಿನ ಜಾಗ ಖಾಲಿ ಉಳಿದು, ಅಳತೆಗೆ ಹೊಂದದ ಮಾತು ತಾನೇ ಹೊರಗೆ ಬೀಳುತ್ತದೆ. 1994ರಲ್ಲಿ ಮನಶ್ಶಾಸ್ತ್ರಜ್ಞೆ ವಾಂಡಾ ವಾಲೆಸ್ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ. ಒಂದೇ ಧಾಟಿಯಲ್ಲಿ ಮತ್ತೆ ಮತ್ತೆ ಹಾಡಿ ಕೇಳಿಸಿದ ಪದ್ಯ, ಬರಿದೆ ಓದಿ ಹೇಳಿದ ಪದ್ಯಕ್ಕಿಂತ ಚೆನ್ನಾಗಿ ನೆನಪಿನಲ್ಲಿ ನಿಂತಿತು.

ಪಕ್ಕದ ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನವರನ್ನು ನೆನೆಯಿರಿ. ಅಕ್ಷರ ಕಲಿಯದ ಆಕೆ ತಂಬೂರಿ ಮೀಟುತ್ತಾ ಕುಮಾರರಾಮನ ಕಥೆಯಂಥ ಉದ್ದುದ್ದ ಬುರ್ರಕಥೆಗಳನ್ನು ರಾತ್ರಿಯಿಡೀ ಹಾಡುತ್ತಿದ್ದರು. 2014ರಲ್ಲಿ ತೀರಿಕೊಳ್ಳುವ ಮೊದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಬರೆದಿಟ್ಟುಕೊಂಡಿತು, ನಾಡು ಆಕೆಯನ್ನು ಗೌರವಿಸಿತು. ರಾಯಚೂರಿನ ರಂಗಮಂದಿರಕ್ಕೆ ಹೆಸರಾಗಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನವೂ ಧ್ವನಿಮುದ್ರಣದಲ್ಲಿ ಉಳಿದಿದೆ. ಹೆಸರಾದವರಿಗೆ ಇಷ್ಟಾದರೂ ಆಯಿತು. ನಿಮ್ಮ ಓಣಿಯಲ್ಲಿ ಮದುವೆಗೆಲ್ಲ ಸೋಬಾನೆ ಹೇಳುವ, ಬಯಲಾಟದಲ್ಲಿ ಭೀಮನ ಪಾರ್ಟು ಮಾಡಿದ, ಯಾರೂ ಮೈಕು ಹಿಡಿಯದ ಹಿರಿಯರ ದನಿಗೆ ನೀವಲ್ಲದೆ ಬೇರೆ ದಿಕ್ಕಿಲ್ಲ.

ಸದ್ದು ಎಬ್ಬಿಸುವುದು ಸಿಹಿಯನ್ನಷ್ಟೇ ಅಲ್ಲ. ಈ ಕೆಲಸಕ್ಕೆ ಇಳಿಯುವವರಿಗೆ ಇದು ಗೊತ್ತಿರಲೇಬೇಕು. 1980ರ ದಶಕದಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಿಗೆ ಒಂದು ಸ್ವರ ಕೇಳಿಸಿ, ಹಿಂದೆಯೇ ಸಣ್ಣ ಶಾಕ್ ಕೊಟ್ಟರು. ಕೆಲವೇ ಸಲಕ್ಕೆ ಬರೀ ಸ್ವರ ಕೇಳಿದರೂ ಇಲಿ ಮರಗಟ್ಟಿ ನಿಂತಿತು. ಮಿದುಳಿನ ಶ್ರವಣ ಕೇಂದ್ರವನ್ನು ತೆಗೆದ ಮೇಲೂ ಆ ಭಯದ ಪಾಠ ನಡೆಯಿತು. ಥಲಾಮಸ್ಸಿನಿಂದ ಅಮಿಗ್ಡಲಾಕ್ಕೆ ನೇರವಾದ ಅಡ್ಡದಾರಿಯೊಂದು ಇರುವುದು ಹೀಗೆ ತಿಳಿಯಿತು. ಮನುಷ್ಯರಲ್ಲೂ ಏನು ಸದ್ದು ಎಂದು ಗುರುತಾಗುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ. ಯುದ್ಧ ಕಂಡು ಬಂದ ಸೈನಿಕರಿಗೆ ದೀಪಾವಳಿಯ ಪಟಾಕಿ ಮೈ ನಡುಗಿಸಬಹುದು.

ನಮ್ಮ ಸೀಮೆ 2009ರ ನೆರೆಯನ್ನು ಮರೆತಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಬಿಡದೆ ಸುರಿದು, ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ನದಿಯಾಚೆಯ ಮಂತ್ರಾಲಯದ ಮಠವೂ ಮುಳುಗಿತು. ಮಣ್ಣಿನ ಮನೆಗಳು ರಾತ್ರಿಯಲ್ಲಿ ಕುಸಿದ ಸದ್ದು ಕೇಳಿದವರು ಈಗಲೂ ನಿಮ್ಮ ನೆಂಟರಲ್ಲಿ ಇರಬಹುದು. ತಗಡಿನ ಮೇಲೆ ಜೋರು ಮಳೆ ಬಿದ್ದ ರಾತ್ರಿ ಅವರು ಎದ್ದು ಕೂತರೆ ಅದನ್ನು ಅಂಜುಬುರುಕುತನ ಎನ್ನಬೇಡಿ. ಅವರ ಅಮಿಗ್ಡಲಾ ತನ್ನ ಕೆಲಸ ಮಾಡುತ್ತಿದೆ, ಅಷ್ಟೇ. ಹಾಗೆಯೇ ನೀವು ಕೇಳಿಸಿದ ಯಾವುದೋ ಹಾಡಿಗೆ ಹಿರಿಯರು ಅಳತೊಡಗಿದರೆ ಫೋನು ಬದಿಗಿಟ್ಟು ಅವರ ಪಕ್ಕ ಕೂರಿ. ಆ ಅಳುವನ್ನು ಚಿತ್ರೀಕರಿಸಿ ಯಾರಿಗೂ ಕಳಿಸಬೇಡಿ.

ಇನ್ನು ಗುಳೆ ಹೋದವರ ಮಾತು. ರಾಯಚೂರು ಜಿಲ್ಲೆಯಿಂದ, ಅದರಲ್ಲೂ ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಮಕ್ಕಳನ್ನು ಅಜ್ಜಿ ತಾತನ ಹತ್ತಿರ ಬಿಟ್ಟು ಹೋಗುವುದುಂಟು. ದಿನದ ದಣಿವಿನಲ್ಲಿ ಮಾತಾಡಲು ಹೊತ್ತು ಸಿಗದೆ ಒಂದು ಮೆಸೇಜು ಹಾಕಿ ಮಲಗುವುದೂ ಉಂಟು. ದನಿಯ ಕೆಲಸವನ್ನು ಮೆಸೇಜು ಮಾಡಬಲ್ಲದೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್ಜರ್ ಮತ್ತು ಜೊತೆಗಾರರು 2010ರಲ್ಲಿ 7ರಿಂದ 12 ವರ್ಷದ 61 ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಬಿಡಿಸಲು ಹೇಳಿ ಎದೆಗುಂದಿಸುವ ಪರೀಕ್ಷೆ ಕೊಟ್ಟರು. ಆಮೇಲೆ ಕೆಲವರನ್ನು ತಾಯಿ ಬಂದು ಅಪ್ಪಿಕೊಂಡಳು, ಕೆಲವರ ಜೊತೆ ತಾಯಿ ಫೋನಿನಲ್ಲಿ ಮಾತಾಡಿದಳು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದು, ನಂಟಿನ ಹಾರ್ಮೋನಾದ ಆಕ್ಸಿಟೋಸಿನ್ ಏರಿದ್ದು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ. 2012ರಲ್ಲಿ ಅದೇ ತಂಡ ತಾಯಿಯ ಮಾತನ್ನು ಬರೆದ ಸಂದೇಶವಾಗಿ ಕಳಿಸಿ ನೋಡಿತು. ಆ ಮಕ್ಕಳ ಆಕ್ಸಿಟೋಸಿನ್ ಏರಲೇ ಇಲ್ಲ. ಯಾರ ಜೊತೆಗೂ ಮಾತಾಡದ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಮಾತಿನ ಅರ್ಥಕ್ಕಿಂತ ತಾಯಿಯ ದನಿ ಆ ಕೆಲಸ ಮಾಡಿತ್ತು.

ಈ ನಂಟು ಹುಟ್ಟುವ ಮೊದಲೇ ಬೆಸೆದಿರುತ್ತದೆ. 1980ರಲ್ಲಿ ಸಂಶೋಧಕರಾದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಮೂರು ದಿನವೂ ತುಂಬದ ಹಸುಗೂಸುಗಳ ಬಾಯಿಗೆ ರಬ್ಬರಿನ ತೊಟ್ಟು ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ತಾಯಿಯ ಅಥವಾ ಬೇರೊಬ್ಬ ಹೆಂಗಸಿನ ದನಿ ಕೇಳುವಂತೆ ಮಾಡಿದರು. ತಾಯಿಯ ದನಿ ಬರುವ ಹಾಗೆಯೇ ಕೂಸುಗಳು ಚೀಪುವುದನ್ನು ಹೊಂದಿಸಿಕೊಂಡವು. ಆದ್ದರಿಂದ ದೂರದಲ್ಲಿರುವವರೇ, ಊರಿನಲ್ಲಿ ಬಿಟ್ಟುಬಂದ ಮಗುವಿಗೆ, ತಂಗಿಗೆ, ಮುದಿ ತಂದೆಗೆ ಟೈಪು ಮಾಡಿದ ನಾಲ್ಕು ಸಾಲಿನ ಬದಲು ನಾಲ್ಕು ಮಾತು ಆಡಿ ಕಳಿಸಿ. ಹೊತ್ತಿಲ್ಲದಿದ್ದರೆ ಒಂದು ಜೋಗುಳ, ಒಂದು ಕಥೆ ಹೇಳಿ ಇಟ್ಟುಬಿಡಿ. ಮಗು ಬೇಕೆಂದಾಗ ಕೇಳಿಕೊಳ್ಳುತ್ತದೆ.

ಊರಿನ ಸದ್ದು ಮನುಷ್ಯನನ್ನು ಎಷ್ಟು ಸೆಳೆಯಬಲ್ಲದು ಎಂಬುದಕ್ಕೆ ಹಳೆಯ ಸಾಕ್ಷಿ ಸ್ವಿಟ್ಜರ್ಲೆಂಡಿನದು. ಮನೆಯ ಹಂಬಲದಿಂದ ಸೊರಗುವುದನ್ನು ಕಾಯಿಲೆ ಎಂದು ಕರೆದು 1688ರಲ್ಲಿ ಯೊಹಾನೆಸ್ ಹೋಫರ್ ಪ್ರಬಂಧ ಬರೆದರು. ಪರದೇಶದ ಸೈನ್ಯಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಸ್ವಿಸ್ ಸಿಪಾಯಿಗಳು ತಮ್ಮ ದನಗಾಹಿಗಳ ಧಾಟಿ ಕೇಳಿದರೆ ಅಳುತ್ತಾರೆ, ಓಡಿಹೋಗುತ್ತಾರೆ, ಅದಕ್ಕೇ ಅದನ್ನು ನುಡಿಸುವುದಕ್ಕೆ ತಡೆಯಿತ್ತು ಎಂದು ತತ್ತ್ವಜ್ಞಾನಿ ರೂಸೊ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದ. ದನಗಾಹಿಗಳ ಧಾಟಿ ನಮ್ಮಲ್ಲೂ ಇದೆ. ಗುಳೆಯ ನೋವೂ ಇದೆ.

ಈಗ ಹಬ್ಬದ ಸದ್ದಿನ ಬಗ್ಗೆ ಕಠಿಣವಾದ ಒಂದು ಮಾತು. ಮೊಹರಂ ನಮ್ಮ ಜಿಲ್ಲೆಯಲ್ಲಿ ಒಂದು ಧರ್ಮದವರ ಆಚರಣೆಯಾಗಿ ಉಳಿದಿಲ್ಲ. ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಹಳ್ಳಿ ಹಳ್ಳಿಯಲ್ಲೂ ಅಲೈ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಹಿಂದೂಗಳೇ ಹೆಚ್ಚಿರುವುದೂ ಉಂಟು. ಆ ಪದ, ಹಲಗೆಯ ಆ ಪೆಟ್ಟು ಎರಡು ಸಮುದಾಯಗಳ ಹಿರಿಯರಿಗೆ ಒಂದೇ ನೆನಪನ್ನು ಕೊಟ್ಟಿದೆ. ಅಲ್ಲಿಗೆ, ಹಾಗೆಯೇ ಜಾತ್ರೆಗಳಿಗೆ, ಗಣಪತಿ ಮೆರವಣಿಗೆಗಳಿಗೆ ಈಗ ಡಿಜೆ ಬಾಕ್ಸುಗಳು ಬಂದಿವೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೇಳುವುದು ಕಿವಿಗೆ ಅಪಾಯ. ಅದರ ಮೇಲೆ ಮೂರು ಮೂರು ಡೆಸಿಬೆಲ್ ಏರಿದಂತೆ ಸುರಕ್ಷಿತ ಹೊತ್ತು ಅರ್ಧರ್ಧ ಇಳಿಯುತ್ತದೆ. 100 ಡೆಸಿಬೆಲ್ಲಿಗೆ ಅದು ಹದಿನೈದು ನಿಮಿಷ. ಬಾಕ್ಸಿನ ಮುಂದೆ ಗಂಟೆಗಟ್ಟಲೆ ಕುಣಿಯುವವರು ಮತ್ತೆ ಹುಟ್ಟದ ಆ ಕೂದಲು ಕೋಶಗಳನ್ನು ಕಳೆದುಕೊಳ್ಳುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ.

ಕಿವಿ ಕೆಟ್ಟರೆ ಕೆಡುವುದು ಕಿವಿಯೊಂದೇ ಅಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ, ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ತಡೆಯಬಹುದಾದ 14 ಕಾರಣಗಳಲ್ಲಿ ಕಿವುಡುತನವನ್ನೂ ಸೇರಿಸಿದೆ. ಅಕ್ಕಿ ಗಿರಣಿಯಲ್ಲಿ, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬದುಕೆಲ್ಲ ದುಡಿದು ಕಿವಿ ಮಂದವಾದ ಹಿರಿಯರಿಗೆ "ಕೂಗಿ ಕೂಗಿ ಸಾಕಾಯ್ತು" ಎಂದು ಮಾತು ಬಿಡುವ ಬದಲು ಕಿವಿ ತಪಾಸಣೆ ಮಾಡಿಸಿ. ಶ್ರವಣ ಸಾಧನ ಹಾಕಿಸಿದ ಮೇಲೆ ಹಾಡು ಕೇಳಿಸಿ. ಮೊದಲನೆಯದಿಲ್ಲದೆ ಎರಡನೆಯದು ನಡೆಯದು.

ಸದ್ದು ಎಷ್ಟು ಕಾಲ ಬಾಳಬಲ್ಲದು ಎಂಬ ಕುತೂಹಲವಿದ್ದವರು ಬಳ್ಳಾರಿಯ ಹತ್ತಿರದ ಕಪ್ಪಗಲ್ಲಿಗೆ ಹೋಗಿ ನೋಡಬಹುದು. ಸಂಗನಕಲ್ಲಿನ ಪಕ್ಕದ ಆ ಗುಡ್ಡದಲ್ಲಿ ನವಶಿಲಾಯುಗದ ಜನ ಎತ್ತು, ಮನುಷ್ಯರ ಚಿತ್ರಗಳನ್ನು ಕೊರೆದ ಕರಿಬಂಡೆಗಳಿವೆ. ಅವುಗಳಲ್ಲಿ ಕೆಲವನ್ನು ಚಿಕ್ಕ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊಮ್ಮುತ್ತದೆ. ಹಾಗೆ ಬಡಿದು ಬಡಿದು ಬಿದ್ದ ಕುಳಿಗಳೂ ಬಂಡೆಯ ಮೇಲಿವೆ. ಪುರಾತತ್ತ್ವಜ್ಞೆ ನಿಕೋಲ್ ಬೊವಾನ್ 2004ರಲ್ಲಿ ಇದನ್ನು ಪ್ರಕಟಿಸಿದಾಗ ಲೋಕ ಬೆರಗಾಯಿತು. ಕಲ್ಲುಗಣಿಯ ಕಾಟ ಆ ಗುಡ್ಡವನ್ನೂ ಬಿಟ್ಟಿಲ್ಲ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವರು ಕೇಳಿದ ನಾದ ಇಂದೂ ಹೊಮ್ಮುತ್ತದೆ. ಅದು ಅವರ ಮನಸ್ಸಿನಲ್ಲಿ ಏನು ಎಬ್ಬಿಸುತ್ತಿತ್ತು, ಹಬ್ಬವನ್ನೋ ಸಾವನ್ನೋ, ಹೇಳಲು ಯಾರೂ ಉಳಿದಿಲ್ಲ. ಸದ್ದಿನ ಜೊತೆಗೆ ಅದು ಎಬ್ಬಿಸಿದ ಮಾತನ್ನೂ ಹಿಡಿದಿಡಿ ಎಂದು ಈ ಪತ್ರ ಒತ್ತಿ ಕೇಳುವುದು ಇದಕ್ಕೇ.

ಕೆಲಸದ ರೀತಿ ಕಷ್ಟದ್ದಲ್ಲ. ಫೋನಿನಲ್ಲಿ ಧ್ವನಿಮುದ್ರಣದ ಆ್ಯಪ್ ಇದ್ದೇ ಇರುತ್ತದೆ. ಫ್ಯಾನು, ಟಿವಿ ಆರಿಸಿ, ಫೋನನ್ನು ಮಡಿಸಿದ ಬಟ್ಟೆಯ ಮೇಲೆ ಸದ್ದಿಗೆ ಹತ್ತಿರವಾಗಿ ಇಡಿ. ಮೊದಲು ತಾರೀಖು, ಊರು, ಓಣಿ, ಯಾರ ದನಿ, ಯಾವ ಕೆಲಸ ಎಂದು ನೀವೇ ಹೇಳಿ, ಆಮೇಲೆ ಸುಮ್ಮನಿರಿ. ಹಾಡು ಮುಗಿದ ಕೂಡಲೇ ನಿಲ್ಲಿಸಬೇಡಿ, ನಿಜವಾದ ಮಾತು ಬರುವುದು ಅನಂತರವೇ. "ಅಜ್ಜೀ, ಇದನ್ನ ಹಾಡೋವಾಗ ನಿನ್ನ ಬಾಜು ಯಾರಿದ್ರು?" ಎಂಬ ಒಂದು ಪ್ರಶ್ನೆ ಸಾಕು. ಅರ್ಥ ಕೇಳಬೇಡಿ, ಜನರನ್ನು ಕೇಳಿ. ಜನರ ಹಿಂದೆ ಮನೆ, ಮನೆಯ ಹಿಂದೆ ಆ ವರ್ಷದ ಮಳೆ ಬೆಳೆ ಎಲ್ಲ ಬರುತ್ತವೆ. ಅವರು ಒಪ್ಪಿದರೆ ಮಾತ್ರ ಹಿಡಿಯಿರಿ, ಒಪ್ಪಿದವರಿಗೆ ಮಾತ್ರ ಕಳಿಸಿ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ಫೋನು ಕೆಟ್ಟ ದಿನ ಎರಡನೆಯದು ಉಳಿಯುತ್ತದೆ. ಸಂಗ್ರಹ ಒಂದಿಷ್ಟು ಬೆಳೆದ ಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೋ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವನ್ನೋ ಕೇಳಿ ನೋಡಿ. ನಿಮ್ಮ ಊರಿನ ಶಾಲೆಯಲ್ಲೂ ಒಂದು ಪ್ರತಿ ಇರಲಿ.

ಹಂತಿ ಪದದಿಂದ ಶುರು ಮಾಡಿದರೆ ಒಳ್ಳೆಯದು, ಏಕೆಂದರೆ ಕಣದಲ್ಲಿ ಅದನ್ನು ಹಾಡಿದವರು ಈಗ ತೀರಾ ಕೆಲವರು, ಎಲ್ಲರೂ ವಯಸ್ಸಾದವರು. ಹಿರೇಕೊಟ್ನೆಕಲ್‌ನಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಅಂಥವರು ಯಾರು ಯಾರು ಇದ್ದಾರೆ ಎಂದು ಓಣಿ ಓಣಿಗೆ ಹೋಗಿ ಈ ವಾರವೇ ವಿಚಾರಿಸಿ, ವಯಸ್ಸಿನಲ್ಲಿ ಹಿರಿಯರಾದವರ ಮನೆಗೆ ಮೊದಲು ಹೋಗಿ. ದೂರದ ಊರುಗಳಲ್ಲಿರುವವರು ತಮ್ಮ ಮನೆಯ ಹಿರಿಯರ ಹೆಸರನ್ನು ಊರಿನ ಗೆಳೆಯರಿಗೆ ತಿಳಿಸಿ.

ಇಂತಿ,
ನಿಮ್ಮದೇ ಜಿಲ್ಲೆಯ ಹಿತೈಷಿ